ವರಾಛಾದ ವಜ್ರವೂ ಗಣಕಯಂತ್ರದ ತಾಪವೂ

ಸೂರತ್ ನಗರದ ವರಾಛಾದಲ್ಲಿ, ಸೌರಾಷ್ಟ್ರದಿಂದ ಬಂದು ನೆಲಸಿದ ರತ್ನಕಲಾಕಾರರು ‘ಘಂಟಿ’ಯ ಸುತ್ತ ಕುಳಿತು, ತಿರುಗುವ ಎರಕದ ಕಬ್ಬಿಣದ ಚಕ್ರಕ್ಕೆ ವಜ್ರದ ಪುಡಿಯನ್ನೂ ಎಣ್ಣೆಯನ್ನೂ ಬಳಿದು ಕಲ್ಲಿಗೆ ಮೆರುಗು ಕೊಡುವುದು ಬಹುಕಾಲದ ವೃತ್ತಿ. ಆದರೆ ಕಲ್ಲು ಘಂಟಿಗೆ ಬರುವ ಮೊದಲೇ ಅದರ ಭವಿಷ್ಯವನ್ನು ನಿರ್ಣಯಿಸುವ ಹೊಣೆ ಈಗ ಬಹುಮಟ್ಟಿಗೆ ಗಣಕಯಂತ್ರದ್ದಾಗಿದೆ: ಒರಟು ಕಲ್ಲಿನ ಆಕಾರವನ್ನೂ ಅದರೊಳಗಣ ದೋಷಗಳನ್ನೂ ಸ್ಕ್ಯಾನ್ ಮಾಡಿ, ಯಾವ ಕೋನದಲ್ಲಿ ಕೊಯ್ದರೆ ಅಧಿಕ ಮೌಲ್ಯ ದೊರೆಯುವುದೆಂದು ಅಸಂಖ್ಯ ಸಾಧ್ಯತೆಗಳನ್ನು ಅದು ತೂಗಿ ನೋಡುತ್ತದೆ. ತೂಕದಲ್ಲಿ ಅರ್ಧದಷ್ಟು ಸಾಮಾನ್ಯವಾಗಿ ಪುಡಿಯಾಗಿಯೇ ಹೋಗುವ ಈ ಕಸುಬಿನಲ್ಲಿ, ಕೇವಲ 0.2 ಗ್ರಾಂ ತೂಗುವ ಕ್ಯಾರೆಟ್ಟಿನ ಅಲ್ಪಾಂಶವೂ ಉಪೇಕ್ಷಣೀಯವಲ್ಲ.

ಇಂತಹ ಗಣಕಯಂತ್ರವನ್ನು ಬಿಡಿಭಾಗಗಳಿಂದ ತಾನೇ ಜೋಡಿಸುವವನ ಆನಂದ ಅಪೂರ್ವವಾದುದು. ಮದರ್‌ಬೋರ್ಡಿನ ಸಣ್ಣ ಸನ್ನೆಯನ್ನೆತ್ತಿ, ಪ್ರೊಸೆಸರಿನ ಮೂಲೆಯ ತ್ರಿಕೋನದ ಗುರುತನ್ನು ಹೊಂದಿಸಿ ಇಟ್ಟೊಡನೆ, ಬೆರಳಿನ ಒತ್ತಡವನ್ನೇ ಬೇಡದೆ ಅದು ತನ್ನ ಭಾರದಿಂದಲೇ ಸ್ವಸ್ಥಾನದಲ್ಲಿ ಕೂಡುವುದನ್ನು ನೋಡಬೇಕು! ಆದರೆ ಎಲ್ಲವನ್ನೂ ಜೋಡಿಸಿ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿಯೇ ಉಳಿದರೆ ಉಂಟಾಗುವ ನಿರಾಶೆಯೂ ಅಷ್ಟೇ ತೀವ್ರ. ಎಷ್ಟೋ ವೇಳೆ ಕಾರಣ ಅತ್ಯಲ್ಪ: ರ‍್ಯಾಮ್‌ನ ಪಟ್ಟಿ ‘ಟಕ್’ ಎನ್ನುವವರೆಗೆ ಕೂತಿರುವುದಿಲ್ಲ; ಯಂತ್ರ ಆರಂಭದಲ್ಲಿ ನಡೆಸಿಕೊಳ್ಳುವ ಸ್ವಯಂಪರೀಕ್ಷೆ ಅಲ್ಲಿಯೇ ನಿಂತಿರುತ್ತದೆ.

ಇದಕ್ಕಿಂತ ಗಹನವಾದ ಸಮಸ್ಯೆ ತಾಪದ್ದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ ಪೂರ್ಣಗೊಂಡ ಟಿಫ್ರ್ಯಾಕ್ ಗಣಕದಲ್ಲಿ ಸುಮಾರು 2,700 ನಿರ್ವಾತ ನಳಿಕೆಗಳಿದ್ದು, ಅವುಗಳ ಕಾವು ವಿಸ್ತಾರವಾದ ಚೌಕಟ್ಟುಗಳಲ್ಲಿ ಹರಡಿಕೊಂಡಿತ್ತು. ಇಂದಿನ ಪ್ರೊಸೆಸರಿನಲ್ಲಾದರೋ ನೂರು ವ್ಯಾಟ್ ಶಕ್ತಿ ಉಗುರಗಲದ ಸಿಲಿಕಾನಿನಲ್ಲಿಯೇ ಉಷ್ಣವಾಗಿ ಹೊಮ್ಮುತ್ತದೆ. ಅದು ಹೊರಗೆ ಹೋಗದಿದ್ದರೆ, 100 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಲೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಕಣ್ಣಿಗೆ ನುಣುಪಾಗಿ ತೋರುವ ಪ್ರೊಸೆಸರ್ ಮತ್ತು ಅದರ ಉಷ್ಣವನ್ನು ಹೊರಗೊಯ್ಯುವ ಹೀಟ್ ಸಿಂಕ್‌ಗಳ ನಡುವೆ ಸೂಕ್ಷ್ಮವಾದ ತಗ್ಗುಗಳಿದ್ದು, ಅವುಗಳಲ್ಲಿ ನಿಂತ ಗಾಳಿ ಉಷ್ಣಕ್ಕೆ ಅಡ್ಡವಾಗುತ್ತದೆ. ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟನ್ನು ಹಚ್ಚುವುದು ಆ ಗಾಳಿಯನ್ನು ಹೊರದೂಡುವುದಕ್ಕೇ. ಹೆಚ್ಚು ಹಚ್ಚಿದರೆ ಹೆಚ್ಚು ತಂಪೆಂಬುದು ಭ್ರಮೆ. ಪೇಸ್ಟಿನ ಪದರ ದಪ್ಪವಾದಷ್ಟೂ ತಾನೇ ತಡೆಯಾಗಿ ನಿಲ್ಲುತ್ತದೆ.

ವರಾಛಾದ ಕಲ್ಲು ಮತ್ತೆ ಇಲ್ಲಿ ನೆನಪಿಗೆ ಬರುವುದು ಅಕಾರಣವಲ್ಲ. ಉಷ್ಣವನ್ನು ಒಯ್ಯುವುದರಲ್ಲಿ ವಜ್ರ ತಾಮ್ರಕ್ಕಿಂತ ಸುಮಾರು ಐದು ಪಾಲು ಸಮರ್ಥವಾದುದು. ತಾಮ್ರದಲ್ಲಿ ಆ ಕೆಲಸ ಮಾಡುವವು ಮುಕ್ತ ಎಲೆಕ್ಟ್ರಾನುಗಳು. ವಜ್ರದಲ್ಲಾದರೋ, ಹಗುರವಾದ ಇಂಗಾಲದ ಪರಮಾಣುಗಳು ಪರಸ್ಪರ ಬಿಗಿಯಾಗಿ ಬಂಧಿತವಾಗಿರುವುದರಿಂದ ಅವುಗಳ ಕಂಪನವೇ ಹರಳಿನ ಉದ್ದಕ್ಕೂ ಅತಿವೇಗದಿಂದ ಸಾಗುತ್ತದೆ. ಹೀಗಾಗಿ ಶುದ್ಧ ವಜ್ರ ವಿದ್ಯುತ್ತಿಗೆ ದಾರಿಕೊಡದೆ ಉಷ್ಣಕ್ಕೆ ಮಾತ್ರ ದಾರಿಯಾಗುವ ವಿರಳ ಪದಾರ್ಥ. ಕೆಲವು ಪೇಸ್ಟುಗಳಲ್ಲಿ ವಜ್ರದ ಪುಡಿಯನ್ನು ಬೆರೆಸುವುದು ಇದೇ ಗುಣಕ್ಕಾಗಿ. ಮೀಥೇನ್, ಜಲಜನಕಗಳ ಪ್ಲಾಸ್ಮಾದಿಂದ ಪದರಪದರವಾಗಿ ಬೆಳೆಸುವ ಕೃತಕ ವಜ್ರ ಸೂರತ್ತಿನಲ್ಲಿಯೂ ತಯಾರಾಗುತ್ತಿದೆ. ಅಂತಹ ವಜ್ರದ ಬಿಲ್ಲೆಗಳನ್ನು ಅಧಿಕ ಶಕ್ತಿಯ ಇಲೆಕ್ಟ್ರಾನಿಕ್ ಉಪಕರಣಗಳ ಉಷ್ಣವನ್ನು ಹರಡಲು ಬಳಸುವುದುಂಟು. ಬೆಲೆಯ ದೆಸೆಯಿಂದ ಮನೆಯ ಗಣಕಕ್ಕೆ ಅವು ಇನ್ನೂ ದೂರವೇ. ಬೆಳೆದ ಬಿಲ್ಲೆಯ ಮೈ ಒರಟಾಗಿರುವುದರಿಂದ, ಚಿಪ್‌ಗೆ ಬಿಗಿಯಾಗಿ ಅಂಟಬೇಕಾದರೆ ಅದನ್ನು ಅತ್ಯಂತ ಸಮತಲವಾಗಿ ಉಜ್ಜಬೇಕು. ವಜ್ರವನ್ನು ಉಜ್ಜುವ ವಿದ್ಯೆಯಾದರೋ ವರಾಛಾದ ಓಣಿ ಓಣಿಯಲ್ಲಿಯೂ ಇದೆ.