ದೋಣಿಯ ಎಂಜಿನ್ ಏಕೆ ಸ್ಟಾರ್ಟ್ ಆಗದು?

ಕರಾವಳಿಯ ನಾಡದೋಣಿಗಳ ಹಿಂಬದಿಗೆ ತಗುಲಿಸಿದ ಯಂತ್ರವನ್ನು ನೀವು ನೋಡಿರಬಹುದು. ಅದೇ ಔಟ್‌ಬೋರ್ಡ್ ಎಂಜಿನ್. ಅಳಿವೆಯ ಬಾಯಲ್ಲಿ ಅದು ಕೈಕೊಟ್ಟರೆ ಅಲೆಗಳು ದೋಣಿಯನ್ನು ಅಡ್ಡ ತಿರುಗಿಸಿ ಮಗುಚಬಲ್ಲವು. ಆದ್ದರಿಂದ ದೋಷವನ್ನು ದಡದಲ್ಲಿಯೇ ಪತ್ತೆಹಚ್ಚಬೇಕು.

ಹಗ್ಗ ಎಷ್ಟು ಎಳೆದರೂ ಹಳೆಯ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲವೇ? ಅದಕ್ಕೆ ಮುಖ್ಯವಾಗಿ ಬೇಕಾದುವು ಮೂರು: ಗಾಳಿ ಬೆರೆತ ಇಂಧನ, ಅದನ್ನು ಅದುಮುವ ಒತ್ತಡ, ತಕ್ಕ ಕ್ಷಣಕ್ಕೆ ಕಿಡಿ. ಮೊದಲು ಸುಲಭವಾದುದನ್ನು ನೋಡಿ. ಎಂಜಿನ್ ನಿಲ್ಲಿಸುವ ಸ್ವಿಚ್ಚು ಸರಿಯಾದ ಸ್ಥಾನದಲ್ಲಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ತೆರೆದಿದೆಯೇ? ಗಾಳಿ ಒಳಹೋಗದಿದ್ದರೆ ಇಂಧನ ಸರಾಗವಾಗಿ ಹೊರಬಾರದು.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಇಂಧನ ತಲುಪಿಲ್ಲ. ಕೊಳವೆ, ಫಿಲ್ಟರ್, ಕಾರ್ಬ್ಯುರೇಟರುಗಳತ್ತ ಗಮನ ಹರಿಸಿ. ಒದ್ದೆಯಾಗಿದ್ದರೆ ಇಂಧನ ಬಂದಿದೆ, ಆದರೆ ಹೊತ್ತಿಕೊಂಡಿಲ್ಲ. ಕಿಡಿ ದುರ್ಬಲವಾಗಿರಬಹುದು, ಇಂಧನದಲ್ಲಿ ನೀರು ಸೇರಿರಬಹುದು, ಇಲ್ಲವೇ ಚೋಕ್ ಹೆಚ್ಚಾಗಿ ಇಂಧನ ತುಂಬಿಕೊಂಡಿರಬಹುದು. ಕಿಡಿಯ ಪರೀಕ್ಷೆ ಮಾತ್ರ ಮೆಕ್ಯಾನಿಕ್ಕಿಗೇ ಬಿಡಿ. ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಹಗ್ಗ ತೀರ ಹಗುರವಾಗಿ ಬಂದರೆ ಪಿಸ್ಟನ್ ರಿಂಗ್ ಸವೆದು ಒತ್ತಡ ಸೋರುತ್ತಿರಬಹುದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಉಂಟು. ಇಲ್ಲಿನ ಅನೇಕ ಎಂಜಿನುಗಳು ಪೆಟ್ರೋಲಿನಿಂದ ಸ್ಟಾರ್ಟ್ ಆಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತವೆ. ತಣ್ಣಗಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸುಲಭವಾಗಿ ಆವಿಯಾಗದು. ಹಿಂದಿನ ದಿನ ಸೀಮೆಎಣ್ಣೆಯಲ್ಲಿಯೇ ನಿಲ್ಲಿಸಿದ್ದರೆ ಕಾರ್ಬ್ಯುರೇಟರಿನಲ್ಲಿ ಅದೇ ಉಳಿದು ಮರುದಿನ ತೊಡಕಾಗುತ್ತದೆ. ನಿಲ್ಲಿಸುವ ಮುನ್ನ ಕೆಲಕಾಲ ಪೆಟ್ರೋಲಿನಲ್ಲಿ ಓಡಿಸುವುದೇ ಇದಕ್ಕೆ ಪರಿಹಾರ.

ಸಿಕ್ಕಿದ್ದೆಲ್ಲವನ್ನೂ ಬಿಚ್ಚುವುದು ದುರಸ್ತಿಯಲ್ಲ. ಒಂದೊಂದೇ ಕಾರಣವನ್ನು ಪರೀಕ್ಷಿಸಿ ಕೈಬಿಡುತ್ತ ಹೋಗಿ. ಉಳಿದುದೇ ದೋಷದ ಮೂಲ.