ಧ್ವನಿಭಂಡಾರದ ಮೌನ ಪರಿಚಾರಕ

ವಚನವನ್ನು ಓದುವುದರೊಡನೆ ಹಾಡುವ ಪರಂಪರೆಯೂ ಉತ್ತರ ಕರ್ನಾಟಕದಲ್ಲಿ ಆಳವಾಗಿ ಬೇರೂರಿದೆ. ಕೊಪ್ಪಳ ಜಿಲ್ಲೆಗೆ ನೆರೆಯದಾದ ಗದುಗಿನಲ್ಲಿ ಪಂಚಾಕ್ಷರ ಗವಾಯಿಗಳು (1892–1944) ಹಾಗೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಅಂಧ ಬಾಲಕರಿಗೆ ಅನ್ನ, ಆಶ್ರಯ, ಸಂಗೀತವಿದ್ಯೆ ಮೂರನ್ನೂ ಒಟ್ಟಿಗೆ ಕರುಣಿಸಿದರು. ಆ ಪರಂಪರೆಯ ಕಂಪು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಠಗಳ ಶಾಲೆಗಳಲ್ಲಿಯೂ ಹರಡಿದೆ. ಪ್ರಾತಃಕಾಲದ ಪ್ರಾರ್ಥನೆಯಲ್ಲಿ ವಚನಗಾಯನವು ಅಲ್ಲಿನ ಮಕ್ಕಳಿಗೆ ನಿತ್ಯದ ಸಂಸ್ಕಾರ.

ಆದರೆ ಹಾಡಿದ ಧ್ವನಿ ಉಳಿಯಬೇಕಾದರೆ ಅದನ್ನು ಕಾಯುವವರು ಬೇಕು. 1980ರ ದಶಕದಲ್ಲಿ ಧ್ವನಿಸುರುಳಿಗಳು ಮನೆಮನೆಗೆ ಬಂದಾಗ ಪ್ರವಚನ, ಪುರಾಣ, ವಚನಗಾಯನಗಳನ್ನು ಅವುಗಳಲ್ಲಿ ಹಿಡಿದಿಟ್ಟವರು ಅನೇಕರು. ಸುರುಳಿಯ ಕಾಂತಲೇಪವು ಬಿಸಿಲು, ಧೂಳು, ತೇವಗಳಿಂದ ವರ್ಷೇ ವರ್ಷೇ ಕ್ಷೀಣಿಸುತ್ತದೆ. ಆದಕಾರಣ ಅವುಗಳನ್ನು ಗಣಕಕ್ಕೆ ವರ್ಗಾಯಿಸುವುದು ಅಗತ್ಯ. ಅಷ್ಟರಿಂದಲೇ ಕಾರ್ಯ ಪೂರೈಸಲಿಲ್ಲ. ವರ್ಗಾಯಿಸಿದ ಧ್ವನಿ ಯಾರೋ ಒಬ್ಬ ಶಿಕ್ಷಕರ ಮೊಬೈಲಿನಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ಉಳಿದರೆ, ಅವರು ವರ್ಗವಾಗಿ ಹೋದ ದಿನ ಪ್ರಾರ್ಥನಾ ಮಂದಿರವೂ ಮೌನವಾಗುತ್ತದೆ. ಧ್ವನಿಯು ವ್ಯಕ್ತಿಯ ಕೈಯಿಂದ ಸಂಸ್ಥೆಯ ಕೈಗೆ ಬರಬೇಕು. ಇದಕ್ಕೆ ಒದಗುವ ಸಾಧನಗಳಲ್ಲಿ ‘ಮ್ಯೂಸಿಕ್ ಪ್ಲೇಯರ್ ಡೀಮನ್’, ಸಂಕ್ಷೇಪವಾಗಿ ಎಂಪಿಡಿ, ಒಂದು.

ಡೀಮನ್ ಎಂಬ ಹೆಸರು ಕೇಳಿ ಭಯಪಡಬೇಕಾಗಿಲ್ಲ. ಗಣಕದಲ್ಲಿ ಪರದೆಯ ಮೇಲೆ ಕಾಣಿಸಿಕೊಳ್ಳದೆ, ಹಿನ್ನೆಲೆಯಲ್ಲಿ ಸದಾ ಎಚ್ಚರವಿದ್ದು ಕಾರ್ಯ ಮಾಡುವ ತಂತ್ರಾಂಶಕ್ಕೆ ಈ ಹೆಸರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1867ರಲ್ಲಿ ಕಲ್ಪಿಸಿದ, ಕಣ್ಣಿಗೆ ಕಾಣದೆ ಅಣುಗಳನ್ನು ವಿಂಗಡಿಸುವ ಪುಟ್ಟ ಕೆಲಸಗಾರನಿಂದ ಇದು ಬಂದಿದೆ. ಎಂಪಿಡಿಯನ್ನು 2003ರಲ್ಲಿ ವಾರೆನ್ ಡ್ಯೂಕ್ಸ್ ಆರಂಭಿಸಿದರು. ಅನಂತರ ಮ್ಯಾಕ್ಸ್ ಕೆಲ್ಲರ್‌ಮನ್ ಅದರ ಹೊಣೆ ಹೊತ್ತರು. ಇದು ಮುಕ್ತ ತಂತ್ರಾಂಶ. ಕೊಳ್ಳಲು ಹಣ ಬೇಕಿಲ್ಲ.

ಇದರ ರಚನೆಯನ್ನು ಮಠದ ದಾಸೋಹಕ್ಕೆ ಹೋಲಿಸಬಹುದು. ಅಡುಗೆಮನೆ ಒಂದೇ, ಬಡಿಸುವ ಕೈಗಳು ಹಲವು. ಧ್ವನಿಕಡತಗಳೂ, ಅವುಗಳನ್ನು ನುಡಿಸುವ ಕೆಲಸವೂ ಪ್ರಾರ್ಥನಾ ಮಂದಿರದ ಒಂದು ಗಣಕದಲ್ಲಿರುತ್ತವೆ. ಅದರಿಂದ ಹೊರಟ ತಂತಿ ಧ್ವನಿವರ್ಧಕಕ್ಕೆ ಸೇರುತ್ತದೆ. ಅದಕ್ಕೆ ಆಜ್ಞೆ ನೀಡುವ ಕಿರುತಂತ್ರಾಂಶವು ಮುಖ್ಯೋಪಾಧ್ಯಾಯರ ಕೊಠಡಿಯ ಗಣಕದಲ್ಲಿಯೋ ಸಂಗೀತ ಶಿಕ್ಷಕರ ಮೊಬೈಲಿನಲ್ಲಿಯೋ ಇರಬಹುದು. ಆಜ್ಞೆಗಳು ಶಾಲೆಯ ಜಾಲದ ಮೂಲಕ, ಸಾಮಾನ್ಯವಾಗಿ 6600ನೆಯ ಪೋರ್ಟಿಗೆ ತಲುಪುತ್ತವೆ. ಮೊಬೈಲು ಆರಿದರೂ ಹಾಡು ನಿಲ್ಲುವುದಿಲ್ಲ. ಲಿನಕ್ಸ್ ನಡೆಯುವ ಹಳೆಯ ಗಣಕ ಅಥವಾ 2012ರಿಂದ ದೊರೆಯುತ್ತಿರುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕ ಈ ಕಾರ್ಯಕ್ಕೆ ಸಾಕು.

ಇಡೀ ವ್ಯವಸ್ಥೆಯ ಜೀವಾಳವೆಂದರೆ ‘ಎಂಪಿಡಿ ಡಾಟ್ ಕಾನ್ಫ್’ ಎಂಬ ಒಂದು ಸರಳ ಪಠ್ಯಕಡತ. ಧ್ವನಿಕಡತಗಳ ಸ್ಥಾನ, ಹಾಡುಪಟ್ಟಿಗಳ ಸ್ಥಾನ, ಸೂಚಿಯ ಸ್ಥಾನ, ಧ್ವನಿಯು ಹೊರಹೊಮ್ಮುವ ದಾರಿ, ಯಾವ ವಿಳಾಸದಲ್ಲಿ ಆಜ್ಞೆಗೆ ಕಿವಿಗೊಡಬೇಕೆಂಬುದು, ಇವೆಲ್ಲ ಅದರಲ್ಲಿ ಒಂದೊಂದು ಸಾಲಿನಲ್ಲಿಯೋ ಚಿಕ್ಕ ಖಂಡದಲ್ಲಿಯೋ ಇರುತ್ತವೆ. ವಿಳಾಸದ ಸಾಲಿನಲ್ಲಿ ‘ಲೋಕಲ್‌ಹೋಸ್ಟ್’ ಎಂದಿದ್ದರೆ ಬೇರೆ ಕೊಠಡಿಯ ಆಜ್ಞೆ ತಲುಪದು. ಅಲ್ಲಿ ಶಾಲೆಯ ಜಾಲದಲ್ಲಿ ಆ ಗಣಕಕ್ಕಿರುವ ವಿಳಾಸವನ್ನು ಬರೆಯಬೇಕು. ಸೇವೆಯು ಸಾಮಾನ್ಯವಾಗಿ ತನ್ನದೇ ಆದ ಪ್ರತ್ಯೇಕ ಬಳಕೆದಾರ ಹೆಸರಿನಲ್ಲಿ ನಡೆಯುತ್ತದೆ. ಆ ಬಳಕೆದಾರನಿಗೆ ಕಡತಗಳನ್ನು ಓದುವ ಅನುಮತಿಯಿಲ್ಲದಿದ್ದರೆ ಪಟ್ಟಿ ಬರಿದಾಗಿ ಕಾಣುತ್ತದೆ; ಧ್ವನಿಸಾಧನವನ್ನು ಮುಟ್ಟುವ ಅನುಮತಿಯಿಲ್ಲದಿದ್ದರೆ ಹಾಡು ಕೇಳಿಸದು. ಹೊಸಬರು ಮೊದಲು ಎಡವುವುದು ಇಲ್ಲಿಯೇ. ಸೇವೆಯ ದಿನಚರಿಕಡತವನ್ನು ಓದಿದರೆ ಕಾರಣ ತಿಳಿಯುತ್ತದೆ.

ಗಣಕ ಹೊತ್ತಿದೊಡನೆ ಸೇವೆಯೂ ತಾನಾಗಿ ಆರಂಭವಾಗುವಂತೆ ಏರ್ಪಡಿಸಬೇಕು. ಗ್ರಾಮಾಂತರದಲ್ಲಿ ವಿದ್ಯುತ್ತು ಹೋಗಿ ಬರುವುದುಂಟು. ಇಲ್ಲಿ ಒಂದು ಸೂಕ್ಷ್ಮವಿದೆ. ಎಂಪಿಡಿ ತಾನು ಎಲ್ಲಿ ನಿಂತಿತೆಂಬುದನ್ನು ಸ್ಥಿತಿಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಂಜೆ ಹಾಡಿನ ನಡುವೆ ವಿದ್ಯುತ್ತು ಹೋಗಿ ನಡುರಾತ್ರಿ ಮರಳಿದರೆ, ಅದು ಅಲ್ಲಿಂದಲೇ ಹಾಡತೊಡಗಿ ವಸತಿನಿಲಯದ ಮಕ್ಕಳ ನಿದ್ರೆಗೆಡಿಸೀತು. ‘ರಿಸ್ಟೋರ್ ಪಾಸ್ಡ್’ ಎಂಬ ಸಾಲಿಗೆ ‘ಯೆಸ್’ ಎಂದು ಬರೆದರೆ, ಅದು ನಿಂತ ಜಾಗದಲ್ಲಿ ತಡೆದು ಆಜ್ಞೆಗಾಗಿ ಕಾಯುತ್ತದೆ. ವಿದ್ಯುತ್ತು ಹಠಾತ್ತನೆ ಹೋದರೆ ಸ್ಮೃತಿಪತ್ರ ಕೆಡುವ ಸಂಭವವೂ ಇರುವುದರಿಂದ ಚಿಕ್ಕ ಯುಪಿಎಸ್ ಅವಶ್ಯ.

ಪ್ರತಿದಿನ ನಿಗದಿತ ಸಮಯಕ್ಕೆ ಪ್ರಾರ್ಥನೆ ಮೊಳಗಬೇಕಾದರೆ, ಹಾಡುಪಟ್ಟಿಯೊಂದನ್ನು ಸಿದ್ಧಪಡಿಸಿ, ಗಣಕದ ವೇಳಾನಿಯಂತ್ರಕದ ಮೂಲಕ ‘ಎಂಪಿಸಿ’ ಎಂಬ ಆಜ್ಞಾಸಾಧನಕ್ಕೆ ಮೂರು ಸೂಚನೆ ಕೊಡಬೇಕು: ಹಳೆಯ ಸರದಿಯನ್ನು ಬರಿದು ಮಾಡು, ಪಟ್ಟಿಯನ್ನು ತುಂಬು, ನುಡಿಸು. ಹಳೆಯ ಸುರುಳಿಗಳಲ್ಲಿ ಒಂದು ಮೆಲುದನಿ, ಇನ್ನೊಂದು ಅಬ್ಬರವಾಗಿರುವುದುಂಟು. ಧ್ವನಿಮಟ್ಟವನ್ನು ಸಮಗೊಳಿಸುವ ಏರ್ಪಾಡೂ ಇದರಲ್ಲಿದೆ.

ಯಾರು ಆಜ್ಞೆ ಮಾಡಬಹುದು ಎಂಬುದು ಶಿಸ್ತಿನ ಪ್ರಶ್ನೆ. ಗುಪ್ತಪದವಿಲ್ಲದಿದ್ದರೆ ಶಾಲೆಯ ಜಾಲದಲ್ಲಿರುವ ಯಾವ ಹುಡುಗನಾದರೂ ಪ್ರಾರ್ಥನೆಯ ನಡುವೆ ಬೇರೊಂದು ಹಾಡು ಹಾಕಬಲ್ಲ. ಪಟ್ಟಿಯನ್ನು ನೋಡುವ ಹಕ್ಕು ಎಲ್ಲರಿಗೂ, ನಡೆಸುವ ಹಕ್ಕು ಶಿಕ್ಷಕರಿಗೆ, ಆಡಳಿತದ ಹಕ್ಕು ಒಬ್ಬಿಬ್ಬರಿಗೆ ಎಂದು ಬೇರೆ ಬೇರೆ ಗುಪ್ತಪದಗಳಿಂದ ವಿಂಗಡಿಸಬಹುದು. ಆದರೆ ಈ ಗುಪ್ತಪದವು ಜಾಲದಲ್ಲಿ ಮರೆಯಿಲ್ಲದೆ ಸಾಗುವುದರಿಂದ, ಬೇರೆ ಮುಖ್ಯ ವ್ಯವಹಾರದ ಗುಪ್ತಪದವನ್ನು ಇಲ್ಲಿ ಬಳಸಕೂಡದು. ಈ ಪೋರ್ಟನ್ನು ಅಂತರಜಾಲಕ್ಕೆ ತೆರೆದಿಡಲೂ ಕೂಡದು.

ಯಂತ್ರಕ್ಕಿಂತ ಶ್ರಮದ ಕಾರ್ಯ ಸೂಚಿಯದು. ‘ಟ್ರ್ಯಾಕ್ 7’ ಎಂಬ ಹೆಸರಿನ ಕಡತವು ಇದ್ದೂ ಇಲ್ಲದಂತೆ. ಪ್ರತಿಯೊಂದು ಕಡತದೊಳಗೆ ಶೀರ್ಷಿಕೆಯಾಗಿ ವಚನದ ಮೊದಲ ನುಡಿ, ರಚನಕಾರರ ಸ್ಥಾನದಲ್ಲಿ ವಚನಕಾರರ ಹೆಸರು, ಕಲಾವಿದರ ಸ್ಥಾನದಲ್ಲಿ ಗಾಯಕರ ಹೆಸರು, ಗೊತ್ತಿದ್ದರೆ ವರ್ಷ, ಇಷ್ಟನ್ನು ದಾಖಲಿಸಬೇಕು. ಆಗ ಅಕ್ಕಮಹಾದೇವಿಯ ವಚನಗಳೆಲ್ಲ ಒಂದೇ ಹುಡುಕಾಟದಲ್ಲಿ ದೊರೆಯುತ್ತವೆ. ಒಂದೇ ವಚನವನ್ನು ಇಬ್ಬರು ಗಾಯಕರು ಯಾವ ರಾಗದಲ್ಲಿ ಹಾಡಿದರೆಂದು ವಿದ್ಯಾರ್ಥಿ ಹೋಲಿಸಿ ಕಲಿಯಬಹುದು. ಈ ಬರಹವೆಲ್ಲ ಯೂನಿಕೋಡ್ ಕನ್ನಡದಲ್ಲಿರಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದದ್ದು ಬೇರೆ ಸಾಧನದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗುತ್ತದೆ.

ಹಕ್ಕುಸ್ವಾಮ್ಯವನ್ನೂ ಮರೆಯಲಾಗದು. 1957ರ ಅಧಿನಿಯಮದಂತೆ ಪ್ರಕಟಿತ ಧ್ವನಿಮುದ್ರಣದ ಹಕ್ಕು, ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಆದ್ದರಿಂದ ಕಂಪನಿಗಳ ಮುದ್ರಣಗಳನ್ನು ಹೊರಲೋಕಕ್ಕೆ ಪ್ರಸಾರ ಮಾಡುವ ಮುನ್ನ ಅನುಮತಿ ಪಡೆಯುವುದು ಧರ್ಮ.

ಈ ಸೇವೆಗೆ ದಾನಿಗಳು ಕೊಡಬೇಕಾದ ಯಂತ್ರ ಚಿಕ್ಕದು. ಹಳೆಯ ವಿದ್ಯಾರ್ಥಿಗಳು ಕೊಡಬೇಕಾದ ಸಮಯ ಮಾತ್ರ ದೊಡ್ಡದು. ಗಣಕವಿದ್ಯೆ ಬಲ್ಲವರು ರಜೆಗೆ ಊರಿಗೆ ಬಂದಾಗ ಹತ್ತು ಸುರುಳಿಗಳನ್ನು ವರ್ಗಾಯಿಸಿಕೊಟ್ಟರೂ ಅದು ಕಾಯಕವೇ. ಮೂಲಪ್ರತಿಯನ್ನು ಧ್ವನಿನಷ್ಟವಿಲ್ಲದ ಫ್ಲಾಕ್ ರೂಪದಲ್ಲಿ ಎರಡು ತಟ್ಟೆಗಳಲ್ಲಿರಿಸಿ, ಒಂದನ್ನು ಬೇರೆ ಕಟ್ಟಡದಲ್ಲಿಡಬೇಕು. ಸಂರಚನೆಯ ಕಡತವನ್ನು ಅಚ್ಚು ಹಾಕಿಸಿ ಶಾಲೆಯ ದಾಖಲೆ ಪುಸ್ತಕದಲ್ಲಿ ಅಂಟಿಸಬೇಕು. ಪ್ರತಿವರ್ಷ ಇಬ್ಬರು ವಿದ್ಯಾರ್ಥಿಗಳಿಗೆ ಇದನ್ನು ನಡೆಸಲು ಕಲಿಸಬೇಕು. ಹಾಗಾದಲ್ಲಿ ಸ್ಥಾಪಿಸಿದವರು ತೆರಳಿದ ಮೇಲೆಯೂ ಹಿರಿಯರ ಕಂಠವು ಬೆಳಗಿನ ಪ್ರಾರ್ಥನೆಗೆ ಎಂದಿನಂತೆ ಕೇಳಿಬರುವುದು.