ಮೈಭಾರವೇ ಚುಕ್ಕಾಣಿ: ಹ್ಯಾಂಗ್ ಗ್ಲೈಡರ್ ಕಲಿಕೆಯ ವಿಜ್ಞಾನ

ಹಾರುವ ಸಾಧನಗಳಲ್ಲಿ ಹ್ಯಾಂಗ್ ಗ್ಲೈಡರಿನಷ್ಟು ಸರಳ ರಚನೆಯುಳ್ಳವು ಕೆಲವೇ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿನ ಮೇಲೆ ಪಾಲಿಯೆಸ್ಟರ್ ಬಟ್ಟೆಯನ್ನು ಬಿಗಿದು ಮಾಡಿದ ಈ ರೆಕ್ಕೆ ಸಾಮಾನ್ಯವಾಗಿ 20ರಿಂದ 35 ಕಿಲೋಗ್ರಾಂ ತೂಗುತ್ತದೆ. ಅದಕ್ಕೆ ಎಂಜಿನ್ ಇಲ್ಲ, ಬಹುತೇಕ ಮಾದರಿಗಳಲ್ಲಿ ಬಾಲವಾಗಲಿ ಚುಕ್ಕಾಣಿಯಾಗಲಿ ಇಲ್ಲ. ರೆಕ್ಕೆಯ ಗುರುತ್ವಕೇಂದ್ರದ ಸಮೀಪ ಕಟ್ಟಿದ ಪಟ್ಟಿಯಿಂದ, ಹಾರ್ನೆಸ್ ಎಂಬ ತೂಗುಡುಪಿನಲ್ಲಿ ಬೋರಲಾಗಿ ತೂಗುವ ಚಾಲಕರು ಎದುರಿನ ತ್ರಿಕೋನ ಚೌಕಟ್ಟಿನ ಅಡ್ಡಕಂಬಿಯನ್ನು ಹಿಡಿದು, ಮೈಯನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಸುವುದರಿಂದಲೇ ಅದನ್ನು ನಡೆಸುತ್ತಾರೆ. ಹೀಗೆ ದೇಹವೇ ನಿಯಂತ್ರಣದ ಸಾಧನವಾಗಿರುವುದರಿಂದ, ನೆಲದ ಮೇಲೆ ಆ ದೇಹಕ್ಕೆ ರೂಢಿಯಾದ ಕೆಲವು ಪ್ರತಿಕ್ರಿಯೆಗಳನ್ನು ಬಿಡಿಸುವುದೇ ಈ ಕಲಿಕೆಯ ಮುಖ್ಯ ಭಾಗವಾಗುತ್ತದೆ.

ಮೈಭಾರವನ್ನು ಸರಿಸಿ ಹಾರುವ ಕ್ರಮವನ್ನು ವ್ಯವಸ್ಥಿತವಾಗಿ ಅಭ್ಯಾಸ ಮಾಡಿದವರಲ್ಲಿ ಜರ್ಮನಿಯ ಓಟೊ ಲಿಲಿಯೆಂಥಾಲ್ ಮೊದಲಿಗ. 1891ರಿಂದ 1896ರವರೆಗೆ ಆತ ಸುಮಾರು 2,000 ಬಾರಿ ತೇಲಿ ಇಳಿದರೂ, ತೋಳುಗಳು ಚೌಕಟ್ಟಿಗೆ ಆತುಕೊಂಡು ಮೈಯ ಕೆಳಭಾಗ ಮಾತ್ರ ತೂಗಾಡುವಂತಿದ್ದುದರಿಂದ ಭಾರವನ್ನು ಸರಿಸಲು ಇದ್ದ ಅವಕಾಶ ಕಡಿಮೆ. 1896ರ ಆಗಸ್ಟ್ 9ರಂದು ಆತನ ಗ್ಲೈಡರ್ ಮೂಗೆತ್ತಿ, ವೇಗ ಕಳೆದುಕೊಂಡು, ಸುಮಾರು 15 ಮೀಟರ್ ಎತ್ತರದಿಂದ ಬಿದ್ದಿತು. ಮರುದಿನ ಆತ ತೀರಿಕೊಂಡ. ಮುಂದೆ ಅಮೆರಿಕದ ಫ್ರಾನ್ಸಿಸ್ ಮತ್ತು ಗರ್ಟ್ರೂಡ್ ರೊಗಾಲೊ ದಂಪತಿ 1948ರಲ್ಲಿ ರೂಪಿಸಿದ ಬಟ್ಟೆಯ ಮೆದು ರೆಕ್ಕೆಗೆ, 1963ರಲ್ಲಿ ಆಸ್ಟ್ರೇಲಿಯಾದ ಗ್ರಾಫ್ಟನ್ ಪಟ್ಟಣದ ಜಾನ್ ಡಿಕೆನ್ಸನ್ ತ್ರಿಕೋನ ಚೌಕಟ್ಟನ್ನೂ ಇಡೀ ದೇಹ ತೂಗುವ ವ್ಯವಸ್ಥೆಯನ್ನೂ ಕೂಡಿಸಿದ ಮೇಲೆ ಹ್ಯಾಂಗ್ ಗ್ಲೈಡರ್ ಇಂದಿನ ರೂಪಕ್ಕೆ ಬಂದಿತು.

ಎಂಜಿನ್ ಇಲ್ಲದ ರೆಕ್ಕೆ ಮುಂದೆ ಸಾಗುವುದು ತನ್ನ ಎತ್ತರವನ್ನು ವೆಚ್ಚ ಮಾಡಿ. ಸುತ್ತಲಿನ ಗಾಳಿಯನ್ನು ಲೆಕ್ಕಕ್ಕೆ ಹಿಡಿದರೆ ಅದು ಸದಾ ಕೆಳಕ್ಕೇ ಜಾರುತ್ತಿರುತ್ತದೆ. ಒಂದು ಮೀಟರ್ ಇಳಿಯುವಷ್ಟರಲ್ಲಿ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂಬುದು ಅದರ ಜಾರು ಅನುಪಾತ. ಆರಂಭದ ರೊಗಾಲೊ ರೆಕ್ಕೆಗಳಲ್ಲಿ 4ರಷ್ಟಿದ್ದ ಈ ಅನುಪಾತ ಈಗಿನ ಸ್ಪರ್ಧಾ ರೆಕ್ಕೆಗಳಲ್ಲಿ 15ರ ಆಸುಪಾಸಿಗೆ ಏರಿದೆ. ರೆಕ್ಕೆಯನ್ನು ಮೇಲೆತ್ತುವ ಬಲ ಅದರ ಮೇಲೆ ಹರಿಯುವ ಗಾಳಿಯ ವೇಗವನ್ನೂ, ಆ ಹರಿವಿಗೆ ರೆಕ್ಕೆ ಒಡ್ಡಿಕೊಂಡ ಕೋನವನ್ನೂ ಅವಲಂಬಿಸಿದೆ. ಮೂಗು ಎತ್ತಿದಂತೆ ಕೋನ ಹೆಚ್ಚಿ ಎತ್ತುವ ಬಲವೂ ಹೆಚ್ಚುತ್ತದಾದರೂ, ಒಂದು ಮಿತಿಯನ್ನು ದಾಟಿದೊಡನೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದುರಿ, ಆ ಬಲ ಥಟ್ಟನೆ ಕುಸಿಯುತ್ತದೆ. ಈ ಸ್ಥಿತಿಗೆ ಸ್ಟಾಲ್ ಎಂದು ಹೆಸರು.

ಅಡ್ಡಕಂಬಿಯನ್ನು ಎದೆಯತ್ತ ಎಳೆದುಕೊಂಡರೆ ಮೈಭಾರ ಮುಂದಕ್ಕೆ ಸರಿದು, ಮೂಗು ತಗ್ಗಿ, ವೇಗ ಹೆಚ್ಚುತ್ತದೆ. ದೂರ ತಳ್ಳಿದರೆ ಭಾರ ಹಿಂದಕ್ಕೆ ಸರಿದು, ಮೂಗೆದ್ದು, ವೇಗ ಇಳಿಯುತ್ತದೆ. ನೆಲ ಹತ್ತಿರವಾಗುವುದನ್ನು ಕಂಡು ಗಾಬರಿಯಾದವರು ಅಪಾಯವನ್ನು ದೂರ ತಳ್ಳುವಂತೆ ಕಂಬಿಯನ್ನೇ ತಳ್ಳುವುದು ಸಹಜ. ಆದರೆ ಹಾಗೆ ತಳ್ಳುವುದು ರೆಕ್ಕೆಯನ್ನು ಸ್ಟಾಲಿನತ್ತ ಒಯ್ಯುತ್ತದೆ. ಆಗ ಮಾಡಬೇಕಾದದ್ದು ಕಂಬಿಯನ್ನು ಎಳೆದುಕೊಳ್ಳುವುದು, ಅಂದರೆ ನೆಲದ ಕಡೆಗೇ ಮೂಗನ್ನು ತಗ್ಗಿಸಿ ವೇಗವನ್ನು ಮರಳಿ ಪಡೆಯುವುದು. ಇದನ್ನು ಬುದ್ಧಿ ಬೇಗ ಒಪ್ಪಿಕೊಂಡರೂ ಕೈಗಳು ಒಪ್ಪಲು ಅನೇಕ ಸಲದ ಅಭ್ಯಾಸ ಬೇಕು.

ಆದ್ದರಿಂದಲೇ ಮೊದಲ ಪಾಠಗಳು ತಗ್ಗಿನ ಇಳಿಜಾರಿನಲ್ಲಿ ನಡೆಯುತ್ತವೆ. ಅಮೆರಿಕದ ನಾರ್ತ್ ಕೆರೊಲೈನಾ ಕರಾವಳಿಯ ಜಾಕೀಸ್ ರಿಜ್ ಮರಳುದಿಬ್ಬಗಳಲ್ಲಿ 1974ರಿಂದ ಇಂಥ ಶಾಲೆಯೊಂದು ನಡೆದುಬಂದಿದೆ. ರೈಟ್ ಸಹೋದರರು ತಮ್ಮ ಗ್ಲೈಡರುಗಳನ್ನು ಪರೀಕ್ಷಿಸಿದ ಕಿಲ್ ಡೆವಿಲ್ ಹಿಲ್ಸ್ ಅಲ್ಲಿಗೆ ಸಮೀಪದಲ್ಲೇ ಇದೆ. ಕಡಲ ಕಡೆಯಿಂದ ಬೀಸುವ ಗಾಳಿ, ಬಿದ್ದರೂ ಪೆಟ್ಟನ್ನು ತಗ್ಗಿಸುವ ಮರಳು ಇವೆರಡೂ ಹೊಸಬರಿಗೆ ಅನುಕೂಲ. ಹಾರುವ ಮುನ್ನ ಹಾರ್ನೆಸ್ಸನ್ನು ರೆಕ್ಕೆಗೆ ಕೊಂಡಿ ಹಾಕಿದೆಯೇ ಎಂಬುದನ್ನು ತೂಗಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಕೊಂಡಿ ಹಾಕಲು ಮರೆತು ಓಡಿದ ಅನುಭವಿಗಳೂ ಇದ್ದಾರೆ. ಹಾರಲು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೇಕಾದ ರೆಕ್ಕೆಗೆ 15 ಕಿಲೋಮೀಟರ್ ವೇಗದ ಎದುರುಗಾಳಿ ಸಿಕ್ಕರೆ, ಉಳಿದ 15ನ್ನು ಮಾತ್ರ ಕಾಲುಗಳು ಒದಗಿಸಿದರೆ ಸಾಕು. ಗಾಳಿಗೆ ಎದುರಾಗಿಯೇ ಓಡಬೇಕೆಂಬ ನಿಯಮದ ಕಾರಣ ಇದು.

ತಿರುಗಿಸುವಾಗಲೂ ದೇಹ ಮೋಸ ಮಾಡುತ್ತದೆ. ಬಲಕ್ಕೆ ತಿರುಗಬೇಕಾದವರು ತಲೆ, ಭುಜಗಳನ್ನಷ್ಟೇ ಬಲಕ್ಕೆ ತಿರುಚಿದರೆ ಸೊಂಟವೂ ಕಾಲುಗಳೂ ಎಡಕ್ಕೆ ಹೊರಳಿ, ಒಟ್ಟು ಭಾರ ಇದ್ದಲ್ಲೇ ಉಳಿಯುತ್ತದೆ. ಇಡೀ ಮೈ ಸರಿದರೂ ರೆಕ್ಕೆ ಸ್ಪಂದಿಸಲು ಒಂದಿಷ್ಟು ಸಮಯ ಹಿಡಿಯುವುದರಿಂದ, ಆ ವಿಳಂಬವನ್ನು ತಾಳದೆ ಮತ್ತಷ್ಟು ಸರಿದವರು ಬೇಕಾದುದಕ್ಕಿಂತ ಹೆಚ್ಚು ವಾಲಿ, ಅದನ್ನು ತಿದ್ದಲು ಎದುರು ದಿಕ್ಕಿಗೂ ಅತಿಯಾಗಿ ಸರಿದು, ರೆಕ್ಕೆಯನ್ನು ಓಲಾಡಿಸುತ್ತಾರೆ. ಹಿಡಿತವನ್ನು ಸಡಿಲಿಸಿ, ಸರಿದು, ಕಾಯುವುದೇ ಇದಕ್ಕೆ ಪರಿಹಾರ.

ಇಳಿಯುವಿಕೆ ಎಲ್ಲಕ್ಕಿಂತ ಕಠಿಣವಾದ ಪಾಠ. ನೆಲದ ಘರ್ಷಣೆಯಿಂದಾಗಿ ತಳಮಟ್ಟದಲ್ಲಿ ಗಾಳಿ ನಿಧಾನವಾಗಿರುತ್ತದೆ. ಕೆಳಗಿಳಿದಂತೆ ಎದುರುಗಾಳಿ ಕ್ಷೀಣಿಸಿ ರೆಕ್ಕೆಯ ಮೇಲಿನ ಹರಿವು ಕುಗ್ಗುವುದರಿಂದ, ಆ ನಷ್ಟವನ್ನು ತುಂಬುವಷ್ಟು ಹೆಚ್ಚಿನ ವೇಗವನ್ನು ಮೊದಲೇ ಗಳಿಸಿಕೊಂಡು ಬರಬೇಕು. ನೆಲಕ್ಕೆ ಸಮಾನಾಂತರವಾಗಿ ತೇಲುತ್ತ ಆ ವೇಗವನ್ನು ಕಳೆದುಕೊಂಡು, ಪಾದಗಳು ಮುಟ್ಟುವಷ್ಟು ಹತ್ತಿರ ಬಂದಾಗ ಚೌಕಟ್ಟನ್ನು ಒಮ್ಮೆಲೇ ಪೂರ್ತಿಯಾಗಿ ತಳ್ಳಿದರೆ ರೆಕ್ಕೆ ಮೂಗೆತ್ತಿ, ಗಾಳಿಗೆ ಅಡ್ಡಲಾಗಿ ನಿಂತು, ಚಾಲಕರನ್ನು ಕಾಲ ಮೇಲೆ ಇಳಿಸುತ್ತದೆ. ಫ್ಲೇರ್ ಎನ್ನುವ ಈ ಕ್ರಿಯೆ ಉದ್ದೇಶಪೂರ್ವಕವಾದ ಸ್ಟಾಲೇ ಸರಿ. ಬೇಗ ತಳ್ಳಿದರೆ ರೆಕ್ಕೆ ಮೇಲೆದ್ದು ಬೀಳುತ್ತದೆ, ತಡವಾದರೆ ಓಡುತ್ತಲೇ ಮುಗ್ಗರಿಸಬೇಕಾಗುತ್ತದೆ.

ಇಷ್ಟು ಕೈವಶವಾದವರ ಮುಂದಿನ ಕಲಿಕೆ ಗಾಳಿಯನ್ನು ಕುರಿತದ್ದು. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಸ್ತಂಭಗಳು ರೆಕ್ಕೆ ಇಳಿಯುವುದಕ್ಕಿಂತ ವೇಗವಾಗಿ ಏರುತ್ತಿದ್ದರೆ, ಅವುಗಳೊಳಗೆ ಸುತ್ತುತ್ತ ಎತ್ತರವನ್ನು ಮರಳಿ ಗಳಿಸಬಹುದು. ಟೆಕ್ಸಾಸಿನ ಜಪಾಟಾದಿಂದ ಹೊರಟ ಡಸ್ಟಿನ್ ಮಾರ್ಟಿನ್ 2012ರ ಜುಲೈ 3ರಂದು 764 ಕಿಲೋಮೀಟರ್ ಹಾರಿದ್ದು ಇಂಥ ಗಾಳಿಯ ನೆರವಿನಿಂದ. ಅನುಭವಿಗಳಿಗೆ ಇಂಧನದಂತೆ ಒದಗುವ ಅದೇ ಸ್ತಂಭದ ಅಂಚು ಹೊಸಬರ ರೆಕ್ಕೆಯ ಮೂಗನ್ನು ಅನಿರೀಕ್ಷಿತವಾಗಿ ಎತ್ತಿಬಿಡಬಲ್ಲದು. ಆದ್ದರಿಂದ ಬಿಸಿಲೇರಿದ ಮಧ್ಯಾಹ್ನ ಪಳಗಿದವರಿಗೆ ಪ್ರಶಸ್ತವಾದರೆ, ಒಳನಾಡಿನ ಗುಡ್ಡಗಳಲ್ಲಿ ಕಲಿಯುವವರಿಗೆ ಗಾಳಿ ತಣ್ಣಗಿರುವ ಬೆಳಗು ಸಂಜೆಗಳೇ ತಕ್ಕ ವೇಳೆ.